38 ಮಾರ್ಕ್ಸಿನ ಆನ್ಸರ್ ಶೀಟು: ಸಿಎ ಫೈನಲ್ ಮೂರು ಸಲ ಬರೆದ ಕಥೆ

ನನ್ನ ಲ್ಯಾಪ್‌ಟಾಪಲ್ಲಿ ಒಂದು ಪಿಡಿಎಫ್ ಇದೆ, ಡಿಲೀಟ್ ಮಾಡೋಕೆ ಇನ್ನೂ ಕೈ ಬಂದಿಲ್ಲ. 2024ರ ನವೆಂಬರಲ್ಲಿ ನಾನೇ ಬರೆದ ಡೈರೆಕ್ಟ್ ಟ್ಯಾಕ್ಸ್ ಪೇಪರಿನ ಆನ್ಸರ್ ಶೀಟು, 500 ರೂಪಾಯಿ ಕಟ್ಟಿ ತರಿಸ್ಕೊಂಡ ಸರ್ಟಿಫೈಡ್ ಕಾಪಿ. ಬಂದಿದ್ದು 38, ಬೇಕಾಗಿದ್ದು 40. ಆ ಎರಡು ಮಾರ್ಕ್ಸಿಗೆ ನನ್ನ ಜೀವನದ ಆರು ತಿಂಗಳು ಹೋಯ್ತು, ಆದ್ರೆ ಓದೋದು ಹೆಂಗೆ ಅಂತ ನಾನು ಕಲ್ತಿದ್ದು ಕ್ಲಾಸಲ್ಲಲ್ಲ, ಆ ಪಿಡಿಎಫ್ ನೋಡ್ಕೊಂಡೇ.

ಜೂನಿಯರ್ಸ್ ಕೇಳ್ತಾನೇ ಇರ್ತಾರೆ, ಅಣ್ಣ ದಿನಕ್ಕೆ ಎಷ್ಟು ಗಂಟೆ ಓದಿದ್ರಿ, ಯಾವ ಸರ್ ಕ್ಲಾಸ್ ತಗೊಂಡ್ರಿ, ಒಂದು ಗ್ರೂಪ್ ಕಟ್ಲಾ ಎರಡೂ ಕಟ್ಲಾ ಅಂತ. ಒಬ್ಬೊಬ್ರಿಗೆ ವಾಟ್ಸಾಪಲ್ಲಿ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಸಾಕಾಗಿ ಒಂದೇ ಸಲ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ನಾನು ರ‍್ಯಾಂಕ್ ಗೀಂಕ್ ಬಂದವನಲ್ಲ, ಮೂರನೇ ಅಟೆಂಪ್ಟಿಗೆ ಹೆಂಗೋ ದಡ ಸೇರಿದವನು. ರ‍್ಯಾಂಕ್ ಬಂದವರ ಇಂಟರ್‌ವ್ಯೂ ಬೇಕಾದಷ್ಟಿದೆ, ಅವ್ರು ಹೇಳೋದು ಸುಳ್ಳಲ್ಲ, ಆದ್ರೆ ನಮ್ಮಂಥವರು ಬೀಳೋ ಗುಂಡಿ ಅವರಿಗೆ ಕಂಡಿರಲ್ಲ.

ನಮ್ಮದು ದಾವಣಗೆರೆ ಹತ್ರ ಹಳ್ಳಿ. ಅಪ್ಪಾಜಿ ದಾವಣಗೆರೆ ಎಪಿಎಂಸಿಲಿ ಒಂದು ದಲ್ಲಾಳಿ ಅಂಗಡಿಲಿ ಗುಮಾಸ್ತರು, ಮೂವತ್ತು ವರ್ಷದಿಂದ ಕಿರ್ದಿ ಬರೆದವರು. ಸಂಜೆ ಜಮಾ-ಖರ್ಚು ತಾಳೆ ಆಗದೆ ಮನೆಗೆ ಬಂದವರೇ ಅಲ್ಲ, ಹನ್ನೊಂದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಹತ್ತರ ತನಕ ಕೂತಿದ್ದು ನಂಗೆ ನೆನಪಿದೆ. ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಪಿಯುಸಿ ಕಾಮರ್ಸಿಗೆ ಬಂದಾಗ ಡೆಬಿಟ್ ಕ್ರೆಡಿಟ್ ಒಂದಕ್ಕೇ ಭಯ ಇರ್ಲಿಲ್ಲ, ಉಳಿದಿದ್ದಕ್ಕೆಲ್ಲ ಇತ್ತು. ಆಮೇಲೆ ಸಿಎ ಮೊದಲ ಎರಡು ಹಂತ ಫೌಂಡೇಶನ್ನು, ಇಂಟರು, 2021ರ ಮಾರ್ಚಿಂದ ಬೆಂಗಳೂರಲ್ಲಿ ಒಂದು ಸಣ್ಣ ಆಡಿಟ್ ಆಫೀಸಲ್ಲಿ ಮೂರು ವರ್ಷ ಆರ್ಟಿಕಲ್‌ಶಿಪ್, ಅಂದ್ರೆ ಕೆಲಸ ಮಾಡ್ತಾ ಕಲಿಯೋ ಕಡ್ಡಾಯ ಟ್ರೈನಿಂಗು (ಈಗ ಬರೋ ಹುಡುಗ್ರಿಗೆ ಎರಡೇ ವರ್ಷ, ಪುಣ್ಯವಂತರು), ಅದು ಮುಗಿದ ಎರಡೇ ತಿಂಗಳಿಗೆ ಫೈನಲ್. ಅಷ್ಟೊತ್ತಿಗೆ ಸ್ಕೀಮೂ ಬದಲಾಗಿತ್ತು, ಎಂಟು ಪೇಪರ್ ಇದ್ದಿದ್ದು ಆರಾಯ್ತು, 2024ರ ಮೇ ಹೊಸ ಸ್ಕೀಮಿನ ಮೊದಲ ಎಕ್ಸಾಮು. ಆರು ಅಂದ ತಕ್ಷಣ ನಾವೆಲ್ಲ ಹಗುರ ಆಯ್ತು ಅಂದ್ಕೊಂಡ್ವಿ. ಎಲ್ಲಿ ಹಗುರ.

ನಿಯಮ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಗ್ರೂಪಿಗೆ ಮೂರು ಪೇಪರು, ಪ್ರತಿ ಪೇಪರಲ್ಲಿ ಕನಿಷ್ಠ 40 ಬರ್ಬೇಕು, ಜೊತೆಗೆ ಗ್ರೂಪ್ ಒಟ್ಟು 300ಕ್ಕೆ 150. ಅಂದ್ರೆ ಮೂರರಲ್ಲೂ 45 ತಗೊಂಡವನೂ ಫೇಲೇ. ಒಂದು ಪೇಪರಲ್ಲಿ 60 ಇಲ್ಲಾ ಅದಕ್ಕಿಂತ ಹೆಚ್ಚು ಬಂದು ಗ್ರೂಪ್ ಹೋದ್ರೆ ಆ ಪೇಪರಿಗೆ ಮುಂದಿನ ಮೂರು ಅಟೆಂಪ್ಟ್ ಎಕ್ಸೆಂಪ್ಶನ್, ಅಂದ್ರೆ ಅದನ್ನ ಮತ್ತೆ ಬರೀಬೇಕಿಲ್ಲ. ಎರಡೂ ಗ್ರೂಪ್ ಒಟ್ಟಿಗೆ ಬರೆದ್ರೆ ಇನ್ನೊಂದು ಅನುಕೂಲ ಇದೆ, ಒಂದರಲ್ಲಿ ಹೆಚ್ಚಿಗೆ ಬಂದಿದ್ದು ಇನ್ನೊಂದರ ಕೊರತೆ ತುಂಬುತ್ತೆ, ಆದ್ರೆ ಎಲ್ಲಾ ಪೇಪರಲ್ಲೂ ಆ 40 ಇರ್ಲೇಬೇಕು. ಈ ಕೊನೇ ಸಾಲು ನೆನಪಿಟ್ಕೊಳ್ಳಿ.

2024ರ ಬೇಸಿಗೆ ಬೆಂಗಳೂರಲ್ಲಿದ್ದವರಿಗೆ ನೆನಪಿರುತ್ತೆ, ನೀರಿಗೆ ಹಾಹಾಕಾರ. ವಿಜಯನಗರದ ನಮ್ಮ ಪಿಜಿಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು, ಬಕೆಟ್ ತುಂಬ್ಸೋಕೆ ಐದೂವರೆಗೆ ಏಳ್ಬೇಕಿತ್ತು, ಹೆಂಗೂ ಎದ್ದಿದೀವಲ್ಲ ಅಂತ ಓದೋಕೆ ಕೂರೋದು, ಏಳಕ್ಕೆ ಮತ್ತೆ ನಿದ್ದೆ. ನಾನು ಆಗ ಮಾಡ್ತಿದ್ದಿದ್ದು ಓದು ಅಂತ ಕರೆಯೋಕೆ ಈಗ ನಾಚಿಕೆ. ಆನ್‌ಲೈನ್ ಕ್ಲಾಸ್ ಎರಡರ ಸ್ಪೀಡಲ್ಲಿ ಓಡಿಸೋದು, ಸರ್ ಬೋರ್ಡ್ ಮೇಲೆ ಬರೆದಿದ್ದನ್ನ ಬಣ್ಣ ಬಣ್ಣದ ಪೆನ್ನಲ್ಲಿ ಕಾಪಿ ಮಾಡೋದು, ರಾತ್ರಿ ಇವತ್ತು ಒಂಬತ್ತು ಗಂಟೆ ಓದಿದೆ ಅಂತ ಡೈರಿಲಿ ಬರ್ಕೊಳೋದು. ಫೇಮಸ್ ಕ್ಲಾಸುಗಳೆಲ್ಲ ಅರ್ಧ ಹಿಂದಿಲಿ ಇರ್ತವೆ, ಸಿಎ ಓದೋಕೆ ಹೋಗಿ ನಂಗೆ ಹಿಂದಿ ಬಂತು, ಅದೊಂದು ಲಾಭ. ಸರ್ ಲೆಕ್ಕ ಬಿಡಿಸುವಾಗ ಎಲ್ಲಾ ಅರ್ಥ ಆಗೋದು, ಪುಸ್ತಕ ಮುಚ್ಚಿ ಖಾಲಿ ಹಾಳೆ ಮುಂದೆ ಕೂತ್ರೆ ಮೊದಲ ಸಾಲು ಏನು ಬರೀಬೇಕು ಅಂತ ಹೊಳೀತಿರ್ಲಿಲ್ಲ. ಎರಡನೇ ಸಲ ರಿವೈಸ್ ಮಾಡಿದ್ರೆ ಬರುತ್ತೆ ಬಿಡು ಅಂತ ಸಮಾಧಾನ. ಎರಡನೇ ಸಲಕ್ಕೆ ಟೈಮೇ ಸಿಗ್ಲಿಲ್ಲ.

ಎಲೆಕ್ಷನ್ ಬಂದಿದ್ರಿಂದ ಎಕ್ಸಾಮ್ ಡೇಟು ಬದಲಾಗಿ ಗ್ರೂಪ್ 1 ಮೇ 2, 4, 8 ಆಯ್ತು. ನಮ್ಮ ಕಡೆ ವೋಟಿಂಗ್ ಮೇ 7. ಅವ್ವ ಫೋನ್ ಮಾಡಿ, "ವೋಟ್ ಹಾಕಾಕೆ ಬರಲ್ವೇನೋ ತಮ್ಮಾ, ಪಕ್ಕದ ಮನೆಯವ್ರು ಬೆಂಗ್ಳೂರಿಂದ ಎಲ್ರೂ ಬಂದಾರೆ" ಅಂದ್ಲು. ಮಾರನೇ ದಿನ ಆಡಿಟ್ ಪೇಪರು, ನಾನು ಎಸ್‌ಎ ನಂಬರುಗಳನ್ನ, ಅಂದ್ರೆ ಸ್ಟ್ಯಾಂಡರ್ಡ್ಸ್ ಆನ್ ಆಡಿಟಿಂಗ್ ಅನ್ನೋ ನಿಯಮಗಳ ನಂಬರುಗಳನ್ನ, ಬಾಯಿಪಾಠ ಮಾಡ್ತಾ ಕೂತಿದ್ದೆ, ಬರಲ್ಲ ಅಂತ ಸಿಡುಕಿ ಫೋನ್ ಇಟ್ಟೆ. ಆ ಆಡಿಟಲ್ಲಿ ಬಂದಿದ್ದು 41.

ಜುಲೈ 11ಕ್ಕೆ ರಿಸಲ್ಟು. ಎಫ್‌ಆರ್ (ಫೈನಾನ್ಷಿಯಲ್ ರಿಪೋರ್ಟಿಂಗ್) 36, ಎಎಫ್‌ಎಂ (ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) 58, ಆಡಿಟ್ 41. ಎರಡನೇ ಗ್ರೂಪು ಡಿಟಿ (ಡೈರೆಕ್ಟ್ ಟ್ಯಾಕ್ಸ್) 42, ಐಡಿಟಿ (ಜಿಎಸ್‌ಟಿ ಥರದ ಇನ್‌ಡೈರೆಕ್ಟ್ ಟ್ಯಾಕ್ಸ್) 47, ಐಬಿಎಸ್ (ಎಲ್ಲಾ ಸಬ್ಜೆಕ್ಟ್ ಸೇರಿಸಿದ ಕೇಸ್ ಸ್ಟಡಿ ಪೇಪರು) 52. ಎರಡೂ ಹೋಯ್ತು. ಆ ಸಲ ಎರಡೂ ಗ್ರೂಪ್ ಬರೆದವರಲ್ಲಿ ಎರಡೂ ಪಾಸಾದವರು 19.88 ಪರ್ಸೆಂಟು, ನೂರರಲ್ಲಿ ಎಂಬತ್ತು ಜನ ನನ್ ಜೊತೆಗೇ ಇದಾರೆ ಅಂತ ಸಮಾಧಾನ ಮಾಡ್ಕೊಳಕ್ಕೆ ನೋಡ್ದೆ, ಆಗ್ಲಿಲ್ಲ.

ಎರಡನೇ ಅಟೆಂಪ್ಟಿಗೆ ಇದ್ದಿದ್ದು 115 ದಿನ. ಹೊಸ ಕ್ಲಾಸ್ ತಗೊಳ್ಲಿಲ್ಲ, ಇದು ನಾನು ಮಾಡಿದ ಮೊದಲ ಬುದ್ಧಿವಂತಿಕೆ. ಫೇಲಾದ ತಕ್ಷಣ ಬೇರೆ ಸರ್ ಕ್ಲಾಸಿಗೆ ದುಡ್ಡು ಕಟ್ಟೋದು ಒಂದು ರೋಗ, ನನ್ನ ರೂಂಮೇಟ್ ಒಬ್ಬ ಎಫ್‌ಆರ್‌ಗೇ ಮೂರು ಕಡೆ ಕ್ಲಾಸ್ ಕೇಳಿದಾನೆ, ಮೂರೂ ಕಡೆ ಇಂಡ್ ಎಎಸ್ 115ರ (ಆದಾಯ ಯಾವಾಗ, ಎಷ್ಟು ತೋರಿಸ್ಬೇಕು ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡು) ಐದು ಸ್ಟೆಪ್ಪು ಅದೇ ಐದು. ಅದರ ಬದಲು ಸಿಎ ಎಕ್ಸಾಮ್ ನಡೆಸೋ ಐಸಿಎಐ ಕೊಡೋ ಸ್ಟಡಿ ಮೆಟೀರಿಯಲ್ಲು, ಆರ್‌ಟಿಪಿ (ರಿವಿಷನ್ ಪೇಪರು), ಎಂಟಿಪಿ (ಮಾಕ್ ಟೆಸ್ಟ್ ಪೇಪರು), ಹಳೇ ಪೇಪರಿನ ಸಜೆಸ್ಟೆಡ್ ಆನ್ಸರ್ಸು, ಇಷ್ಟನ್ನೇ ಹಿಡ್ಕೊಂಡೆ. ಎಲ್ಲಾ ಅವರ ವೆಬ್‌ಸೈಟಲ್ಲಿ ಫ್ರೀ ಇದೆ, ಫ್ರೀ ಅನ್ನೋ ಕಾರಣಕ್ಕೇ ಯಾರೂ ಮುಟ್ಟಲ್ಲ.

ಲೆಕ್ಕದ ಪೇಪರಿಗೆ ನಾನು ಮಾಡಿದ್ದು ಹೀಗೆ: ಪ್ರತಿ ಲೆಕ್ಕವನ್ನೂ ಉತ್ತರ ಮುಚ್ಚಿ ಬಿಡಿಸೋದು, ಪೂರ್ತಿ ಸರಿ ಬಂದ್ರೆ ಪೆನ್ಸಿಲ್ಲಲ್ಲಿ ಟಿಕ್, ಎಲ್ಲಾದ್ರೂ ತಪ್ಪಿದ್ರೆ ಕೆಂಪು ಸುತ್ತು ಹಾಕಿ ಪಕ್ಕದಲ್ಲೇ ಯಾಕೆ ತಪ್ತು ಅಂತ ನಾಲ್ಕೇ ಪದ. "ಎನ್‌ಸಿಐ ಪಾಲು ಮರೆತೆ", "9 ತಿಂಗಳು, 12 ಅಲ್ಲ", ಹಿಂಗೆ. ಎರಡನೇ ಸಲ ಮಾಡೋವಾಗ ಕೆಂಪು ಸುತ್ತು ಬಿದ್ದಿದ್ದು ಮಾತ್ರ. ಅದರಲ್ಲೂ ಮತ್ತೆ ತಪ್ಪಿದ್ದಕ್ಕೆ ಎರಡನೇ ಕೆಂಪು ಸುತ್ತು. ಪೇಪರುಗಳ ಮಧ್ಯ ಸಿಗೋದು ಒಂದೇ ದಿನ, ಹಿಂದಿನ ಪೇಪರ್ ಮುಗಿಸಿ ಬಂದ ಸಂಜೆ ಸೇರಿಸಿದ್ರೆ ಒಂದೂವರೆ, ಆ ಒಂದೂವರೆ ದಿನದಲ್ಲಿ ನಾಲ್ಕು ದಪ್ಪ ಪುಸ್ತಕ ತಿರುವಿ ಹಾಕೋಕೆ ಯಾರಿಗೂ ಆಗಲ್ಲ, ಎರಡು ಸುತ್ತು ಬಿದ್ದ ಅರವತ್ತು ಎಪ್ಪತ್ತು ಲೆಕ್ಕ ನೋಡ್ಬಹುದು. ನಿಮ್ಮ ತಯಾರಿ ಸರಿ ಇದ್ಯಾ ಅಂತ ನೋಡೋಕೆ ಇದೇ ಪರೀಕ್ಷೆ, ಒಂದೂವರೆ ದಿನದಲ್ಲಿ ಈ ಸಬ್ಜೆಕ್ಟ್ ಮುಗಿಯುತ್ತಾ ಅಂತ ಒಂದು ತಿಂಗಳು ಮುಂಚೆನೇ ಗಡಿಯಾರ ಇಟ್ಕೊಂಡು ನೋಡಿ.

ಎಫ್‌ಆರ್ ವಿಷಯದಲ್ಲಿ ಒಂದು ತಮಾಷೆ ಹೇಳ್ಬೇಕು. ಇಂಡ್ ಎಎಸ್ 115ರಲ್ಲಿ ಪ್ರಿನ್ಸಿಪಲ್ ಯಾರು ಏಜೆಂಟ್ ಯಾರು ಅನ್ನೋ ಭಾಗ ಇದೆಯಲ್ಲ, ನಂಗೆ ಎಷ್ಟು ಓದಿದ್ರೂ ಉದಾಹರಣೆ ಬದಲಾದ ತಕ್ಷಣ ತಪ್ಪೋದು. ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪಾಜಿ ಏನು ಓದ್ತಿದೀಯ ಅಂದ್ರು, ಸುಮ್ನೆ ಹೇಳ್ದೆ, ಬೇರೆಯವರ ಮಾಲು ಮಾರಿಕೊಟ್ರೆ ಪೂರ್ತಿ ದುಡ್ಡು ನಮ್ಮ ಆದಾಯ ಅಂತ ತೋರಿಸ್ಬೇಕಾ ಬರೀ ಕಮಿಷನ್ನಾ ಅಂತ. ಅವರು ಪುಸ್ತಕದ ಕಡೆ ನೋಡ್ಲೂ ಇಲ್ಲ. "ಮೆಕ್ಕೆಜೋಳ ರೈತಂದು. ಹುಳ ಬಿದ್ರೆ ಲುಕ್ಸಾನು ಅವಂದು, ರೇಟು ಇಳಿದ್ರೂ ಅವಂದೇ. ನಮ್ದೇನೈತಿ ಅದ್ರಾಗೆ, ದಲ್ಲಾಳಿ ಅಷ್ಟೇ ನಮ್ಮ ಜಮಾ. ಮಾಲು ನಾವೇ ಖರೀದಿ ಮಾಡಿ ಗೋಡೌನಿಗೆ ಹಾಕಿದ್ರೆ ಅದು ಬ್ಯಾರೆ ಖಾತೆ" ಅಂದ್ರು. ಮಾರೋ ಮುಂಚೆ ಮಾಲಿನ ಮೇಲೆ ಹಿಡಿತ ಯಾರದ್ದು, ಸ್ಟಾಕ್ ಹಾಳಾದ್ರೆ ಅದನ್ನ ಹೊರೋನು ಯಾರು, ರೇಟ್ ಕಟ್ಟೋನು ಯಾರು, ಸ್ಟ್ಯಾಂಡರ್ಡಲ್ಲಿ ಇರೋದು ಇದೇ ತಾನೆ. ಅವತ್ತಿಂದ ಏಜೆಂಟ್ ಪ್ರಶ್ನೆ ಬಂದ್ರೆ ಮೆಕ್ಕೆಜೋಳದ ಚೀಲ ಕಣ್ಮುಂದೆ ಬರುತ್ತೆ, ಟ್ರಾವೆಲ್ ವೆಬ್‌ಸೈಟ್ ಆಗ್ಲಿ ಫುಡ್ ಡೆಲಿವರಿ ಆಗ್ಲಿ ತಪ್ಪಿಲ್ಲ.

ಆಡಿಟ್ ಬೇರೆ ಥರದ ಕಾಟ. ಉತ್ತರ ಬರೆಯೋಕೆ ಇಂಗ್ಲಿಷ್ ಇಲ್ಲಾ ಹಿಂದಿ, ಎರಡೇ ಆಯ್ಕೆ. ವಿಷಯ ಗೊತ್ತಿರೋದು, ಆದ್ರೆ ತಲೇಲಿ ಕನ್ನಡದಲ್ಲಿ ಉದ್ದದ ವಾಕ್ಯ ಮಾಡಿ ಅದನ್ನ ಇಂಗ್ಲಿಷಿಗೆ ತಿರುಗಿಸೋಷ್ಟರಲ್ಲಿ ಟೈಮ್ ಹೋಗೋದು, ತಿರುಗಿಸಿದ್ದು ಓದಿದ್ರೆ ನಂಗೇ ಅರ್ಥ ಆಗ್ತಿರ್ಲಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ನಾನು ಹೇಳೋದು ಒಂದೇ, ಚೆಂದದ ಇಂಗ್ಲಿಷ್ ಆಸೆ ಬಿಡಿ. ಸ್ಟ್ಯಾಂಡರ್ಡಿನ ಪದಗಳನ್ನ ಇದ್ದ ಹಾಗೇ ಕಲೀರಿ, ಸಫಿಶಿಯೆಂಟ್ ಅಪ್ರೋಪ್ರಿಯೇಟ್ ಆಡಿಟ್ ಎವಿಡೆನ್ಸ್, ಮೆಟೀರಿಯಲ್ ಮಿಸ್‌ಸ್ಟೇಟ್‌ಮೆಂಟ್, ಪ್ರೊಫೆಷನಲ್ ಸ್ಕೆಪ್ಟಿಸಿಸಂ, ಇಂಥ ಒಂದು ಎಂಬತ್ತು ತುಂಡು ಕೈಗೆ ಬಂದ್ರೆ ಅವನ್ನ ಜೋಡಿಸೋಕೆ ಎಂಟನೇ ಕ್ಲಾಸಿನ ಇಂಗ್ಲಿಷ್ ಸಾಕು. ಮೊದಲು ನಿಯಮ ಎರಡು ಸಾಲು, ಆಮೇಲೆ ಪ್ರಶ್ನೇಲಿರೋ ಸಂಗತಿ ಎರಡು ಸಾಲು, ಕೊನೇಲಿ ತೀರ್ಮಾನ ಒಂದು ಸಾಲು, ಅಡಿಗೆರೆ. ದಿನಾ ಬೆಳಿಗ್ಗೆ ಎದ್ದು ಇಂಥ ಎರಡು ಉತ್ತರ ಬರೆದು ಸಜೆಸ್ಟೆಡ್ ಆನ್ಸರ್ ಪಕ್ಕ ಇಟ್ಟು ನೋಡೋದು, ಅವರು ಬಳಸಿದ ಯಾವ ಪದ ನನ್ನಲ್ಲಿಲ್ಲ ಅಂತ.

ನಂಬರುಗಳ ವಿಷಯ. ಬೆಂಗಳೂರಲ್ಲಿ 500 ಸೀರೀಸ್ ಬಿಎಂಟಿಸಿ ಬಸ್ ಅಂದ್ರೆ ರಿಂಗ್ ರೋಡ್ ಅಂತ ಯಾರಿಗಾದ್ರೂ ಗೊತ್ತು, ಹಂಗೇ 500 ಸೀರೀಸ್ ಎಸ್‌ಎ ಅಂದ್ರೆ ಎವಿಡೆನ್ಸು, 600 ಬೇರೆಯವರ ಕೆಲಸ ನೆಚ್ಚೋದು, 700 ರಿಪೋರ್ಟು. ಮೊದಲು ಸೀರೀಸ್, ಆಮೇಲೆ ಸ್ಟಾಪು. ಎಸ್‌ಎ 501 ನಂಗೆ ಯಾವತ್ತೂ ಮರೆತಿಲ್ಲ, ಅದು ಸ್ಟಾಕ್ ಎಣಿಸೋ ಕಡೆ ಆಡಿಟರ್ ಹೋಗಿ ನಿಲ್ಲೋದರ ಬಗ್ಗೆ. ಆರ್ಟಿಕಲ್‌ಶಿಪ್ಪಲ್ಲಿ ಒಂದು ಮಾರ್ಚ್ 31ರ ಸಂಜೆ ಪೀಣ್ಯದ ಒಂದು ಗೋಡೌನಿಗೆ ಕಳ್ಸಿದ್ರು, ಎಣ್ಣೆ ಡ್ರಮ್ಮುಗಳ ಸಾಲು, ನಾನು ಲಿಸ್ಟ್ ಹಿಡ್ಕೊಂಡು ಹೊರಗಿಂದ ಎಣಿಸಿ ಟಿಕ್ ಹಾಕ್ತಿದ್ದೆ. ಸರ್ ಫೋನ್ ಮಾಡಿ, "ಬರೀ ಎಣಿಸ್ಬೇಡಪ್ಪ, ಹಿಂದಿನ ಸಾಲು ಬಡಿದು ನೋಡು" ಅಂದ್ರು. ಬಡಿದೆ. ಮುಂದಿನ ಸಾಲು ದಬ್ ಅಂತು, ಹಿಂದಿನದು ಟಣ್ ಅಂತು. ಖಾಲಿ. ನಿಮ್ಮ ಆಫೀಸಲ್ಲಿ ವೌಚಿಂಗ್ (ಬಿಲ್ಲು-ರಸೀದಿ ತಾಳೆ ನೋಡೋದು) ಮಾಡೋವಾಗ, ಬ್ಯಾಂಕ್ ಕನ್ಫರ್ಮೇಶನ್ ಲೆಟರ್ ಟೈಪ್ ಮಾಡೋವಾಗ, ಇದು ಯಾವ ಎಸ್‌ಎ ಅಂತ ಅಲ್ಲೇ ಒಂದು ಸಲ ತೆಗೆದು ನೋಡಿ, ಅದು ಓದಲ್ಲ, ಆದ್ರೆ ಓದಿಗಿಂತ ಗಟ್ಟಿ ನಿಲ್ಲುತ್ತೆ. ಎಥಿಕ್ಸೂ ಅಷ್ಟೇ, ನಮ್ಮ ಮಾವ ಒಬ್ರು ನಾನು ಪಾಸಾಗೋ ಮುಂಚೆನೇ ಬೋರ್ಡ್ ಬರೆಸ್ತೀನಿ, ಪೇಪರಲ್ಲಿ ಜಾಹೀರಾತು ಕೊಡ್ಸೋಣ ಅಂತ ಕುಣೀತಿದ್ರು, ಜಾಹೀರಾತು ಅಂದ್ರೆ ಸಿಎ ಆಕ್ಟಿನ ಫಸ್ಟ್ ಶೆಡ್ಯೂಲ್ ಒಂದನೇ ಭಾಗದ ಕ್ಲಾಝ್ 7ರಲ್ಲಿ ಬರೋ ತಪ್ಪು ಅಂತ ಅವರ ಪುಣ್ಯದಿಂದ ಖಾಯಂ ಆಯ್ತು.

ನವೆಂಬರ್ ಎಕ್ಸಾಮ್ ದೀಪಾವಳಿ ಅಂತ ಮುಂದಕ್ಕೆ ಹಾಕಿ 3ನೇ ತಾರೀಕಿಂದ ಶುರು ಮಾಡಿದ್ರು. ಎರಡನೇ ತಾರೀಕು ಬಲಿಪಾಡ್ಯಮಿ. ಕಿವಿಗೆ ಹತ್ತಿ ಇಟ್ಕೊಂಡು ಎಫ್‌ಆರ್ ಕೆಂಪು ಸುತ್ತು ನೋಡ್ತಿದ್ದೆ, ಕೆಳಗೆ ಬೀದೀಲಿ ಲಕ್ಷ್ಮಿ ಪಟಾಕಿ ಸರ. ಡಿಸೆಂಬರ್ 26ರ ರಾತ್ರಿ ರಿಸಲ್ಟು. ಎಫ್‌ಆರ್ 51, ಎಎಫ್‌ಎಂ 64, ಆಡಿಟ್ 44, ಗ್ರೂಪ್ 1 ಪಾಸ್! ಕೆಳಗೆ ಸ್ಕ್ರಾಲ್ ಮಾಡಿದೆ. ಐಡಿಟಿ 58, ಐಬಿಎಸ್ 53, ಡಿಟಿ 38. ಎರಡೂ ಸೇರಿ 308, ಬೇಕಾಗಿದ್ದು 300. ಗ್ರೂಪ್ 2ರ ಒಟ್ಟು 149 ಆದ್ರೂ ಚಿಂತೆ ಇರ್ಲಿಲ್ಲ, ಗ್ರೂಪ್ 1ರಲ್ಲಿ 9 ಹೆಚ್ಚಿಗೆ ಇತ್ತು, ತುಂಬ್ಕೊಳ್ತಿತ್ತು. ಆ 40 ಒಂದು ಇಲ್ಲ. ಐಡಿಟಿಗೂ ಎಕ್ಸೆಂಪ್ಶನ್‌ಗೆ ಎರಡು ಕಮ್ಮಿ. ಮೂರೂ ಪೇಪರ್ ಮತ್ತೆ. ಆ ಸಲ ಎರಡೂ ಗ್ರೂಪ್ ಒಟ್ಟಿಗೆ ಪಾಸಾದವರು 13.44 ಪರ್ಸೆಂಟ್, ಆ ಲೆಕ್ಕದಲ್ಲಿ ಸೇರೋಕೆ ಎರಡೇ ಮಾರ್ಕ್ಸ್ ಸಾಕಿತ್ತು. ಅಪ್ಪಾಜಿಗೆ ಫೋನಲ್ಲಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು, "ಎಲ್ಲಿ ತಪ್ಪಿತು ಅಂತ ಹುಡುಕು, ಸಿಗದೇ ಎಲ್ಲಿ ಹೋಗುತ್ತೆ" ಅಂದ್ರು. ಹನ್ನೊಂದು ರೂಪಾಯಿ ಹುಡುಕಿದ ಮನುಷ್ಯ.

ಹುಡುಕೋಕೇ ಸರ್ಟಿಫೈಡ್ ಕಾಪಿಗೆ ಹಾಕಿದೆ. ರಿಸಲ್ಟ್ ಬಂದ ಮೂವತ್ತು ದಿನದೊಳಗೆ ಹಾಕ್ಬೇಕು, ಫೇಲಾದವರು ದಯವಿಟ್ಟು ಹಾಕಿ, ಮಾರ್ಕ್ಸ್ ಹೆಚ್ಚಾಗುತ್ತೆ ಅಂತಲ್ಲ, ನಿಮ್ಮ ಕೈಬರಹ ನೀವೇ ನೋಡೋಕೆ. ಪಿಡಿಎಫ್ ಬಂದಾಗ ಹಂಪಿನಗರ ಲೈಬ್ರರಿಲಿದ್ದೆ. ಸುತ್ತ ಕೆಎಎಸ್ಸು ಪಿಎಸ್‌ಐ ಅಂತ ಓದೋ ಹುಡುಗ್ರು, ಉಸಿರಾಡಿದ್ರೂ ಕೇಳೋ ಅಷ್ಟು ನಿಶ್ಶಬ್ದ, ಮೊಬೈಲಲ್ಲಿ ತೆಗೆದೆ. ವಿವರವಾಗಿ ಬರೆಯೋ 70 ಮಾರ್ಕ್ಸಿಗೆ 22 ಬಂದಿತ್ತು, ಉಳಿದ 16 ಎಂಸಿಕ್ಯೂದು, ಅಂದ್ರೆ ಸರಿ ಉತ್ತರ ಆರಿಸೋ ಪ್ರಶ್ನೆಗಳದ್ದು.

ಮೊದಲ ಪ್ರಶ್ನೆ ಕಂಪನಿಯ ಟೋಟಲ್ ಇನ್‌ಕಂ, 14 ಮಾರ್ಕ್ಸ್. ನಾನು ಏಳು ಪುಟ ಬರೆದಿದ್ದೆ. ನಗದಲ್ಲಿ 10 ಸಾವಿರಕ್ಕಿಂತ ಹೆಚ್ಚು ಕೊಟ್ಟ ಖರ್ಚನ್ನ 40ಎ(3) ಪ್ರಕಾರ ಆದಾಯದಿಂದ ಕಳೆಯೋ ಹಾಗಿಲ್ಲ ಅನ್ನೋದಕ್ಕೆ ಅರ್ಧ ಪುಟ ವಿವರಣೆ, ಪಕ್ಕದಲ್ಲಿ ಎಕ್ಸಾಮಿನರ್ ಕೊಟ್ಟಿದ್ದು 1. ಸಣ್ಣ ಉದ್ದಿಮೆಗಳಿಗೆ ಟೈಮಿಗೆ ದುಡ್ಡು ಕೊಡದ 43ಬಿ(ಎಚ್) ಬಗ್ಗೆ ನನ್ನ ಪಾಂಡಿತ್ಯ ಎಲ್ಲಾ ಸುರಿದಿದ್ದೆ, ಅದಕ್ಕೂ 1. ಅದೇ ಎರಡು ಸಾಲಲ್ಲಿ ಬರೆದಿದ್ರೂ 1 ಬರ್ತಿತ್ತು. ಪುಟ ತಿರುಗಿಸ್ತಾ ಹೋದ ಹಾಗೆ ಅಕ್ಷರ ದೊಡ್ಡದಾಗ್ತಾ, ಓರೆ ಆಗ್ತಾ ಹೋಗಿದೆ, ಕೊನೇ ಪ್ರಶ್ನೆಗೆ ಟ್ರಾನ್ಸ್‌ಫರ್ ಪ್ರೈಸಿಂಗಿನ ಮೂರು ಸಾಲು, ಮೂರನೇ ಸಾಲು ಅರ್ಧಕ್ಕೆ ನಿಂತಿದೆ, ಪೆನ್ ಕಿತ್ಕೊಂಡ ಹಾಗೆ. ಅದರ ಮುಂದೆ ಖಾಲಿ ಪುಟ. ಗೊತ್ತಿಲ್ದೆ ಬಿಟ್ಟಿದ್ದಲ್ಲ ಅದು, ಆ ಪ್ರಶ್ನೆ ನಂಗೆ ಚೆನ್ನಾಗೇ ಬರ್ತಿತ್ತು. ಆ ಖಾಲಿ ಪುಟ ನೋಡಿದಾಗ ಆದ ಸಂಕಟ ರಿಸಲ್ಟ್ ನೋಡಿದಾಗಲೂ ಆಗಿರ್ಲಿಲ್ಲ, ಎದ್ದು ಹೊರಗೆ ಹೋಗಿ ಟೀ ಕುಡಿದು ಬಂದೆ.

ಲೆಕ್ಕ ಹಾಕಿದೆ. ಮೂರು ಗಂಟೆ, 180 ನಿಮಿಷ. ಹದಿನೈದು ಎಂಸಿಕ್ಯೂಗೆ 40 ನಿಮಿಷ ತೆಗೆದ್ರೆ ಉಳಿದಿದ್ದು 140, ಬರೆಯೋದು 70 ಮಾರ್ಕ್ಸಿಗೆ. ಮಾರ್ಕ್ಸಿಗೆ ಎರಡು ನಿಮಿಷ. 14ರ ಪ್ರಶ್ನೆಗೆ 28, ಅದಕ್ಕಿಂತ ಒಂದು ನಿಮಿಷ ಹೆಚ್ಚಿಗೆ ತಗೊಂಡ್ರೆ ಅದು ಕೊನೇ ಪ್ರಶ್ನೆ ಜೇಬಿಂದ ಕದ್ದಿದ್ದು. ನಾನು ಮೊದಲನೇದಕ್ಕೆ ಕಮ್ಮಿ ಅಂದ್ರೂ 55 ತಗೊಂಡಿದ್ದೆ. ನಾನು ಓದಿದ್ದು ಕಮ್ಮಿ ಆಗಿರ್ಲಿಲ್ಲ, ಬರೆದು ಅಭ್ಯಾಸ ಇರ್ಲಿಲ್ಲ ಅಷ್ಟೇ, ಎರಡು ಅಟೆಂಪ್ಟಲ್ಲಿ ನಾನು ಮನೇಲಿ ಕೂತು ಮೂರು ಗಂಟೆ ಪೂರ್ತಿ ಬರೆದ ಮಾಕ್ ಎಷ್ಟು ಅಂದ್ರೆ, ಹೇಳೋಕೆ ನಾಚಿಕೆ, ಒಂದು.

ಮೂರನೇ ಸಲ ಅದೇ ಮಾಡಿದ್ದು. ಹಳೇ ಆಫೀಸಲ್ಲೇ ಫೆಬ್ರವರಿ ತನಕ ಅರ್ಧ ದಿನ ಕೆಲಸ ಮಾಡ್ತಿದ್ದೆ, ಬಾಡಿಗೆಗೆ ಬೇಕಲ್ಲ, ಅಲ್ಲಿ ಒಂದು ಕಡೆ ಪ್ರಿಂಟಾದ ವೇಸ್ಟ್ ಪೇಪರ್ ಕಟ್ಟು ಕಟ್ಟು ತಂದು ಹಿಂದಿನ ಖಾಲಿ ಬದಿಲಿ ಬರೆದೆ. ಮಾರ್ಚಿಂದ ವಾರಕ್ಕೆ ಎರಡು ಪೂರ್ತಿ ಪೇಪರ್, ಅದೂ ಮಧ್ಯಾಹ್ನ 2ರಿಂದ 5. ಟೈಮ್ ಮುಖ್ಯ, ಯಾಕಂದ್ರೆ ಎಕ್ಸಾಮ್ ಆ ಹೊತ್ತಿಗೇ, 1.45ಕ್ಕೆ ಪೇಪರ್ ಕೈಗೆ, 2ಕ್ಕೆ ಬರೆಯೋಕೆ ಶುರು. ಬೆಳಿಗ್ಗೆ ಓದೋ ಅಭ್ಯಾಸ ಇಟ್ಕೊಂಡವನ ದೇಹ ಆ ಹೊತ್ತಿಗೆ ನಿದ್ದೆ ಕೇಳುತ್ತೆ, ಮೊದಲ ಅಟೆಂಪ್ಟಲ್ಲಿ ನಾನು ತಂಪಾಗಿರ್ಲಿ ಅಂತ ಹೊಟ್ಟೆ ತುಂಬ ಮೊಸರನ್ನ ತಿಂದು ಹೋಗಿದ್ದೆ, ಮೂರು ಗಂಟೆ ಹೊತ್ತಿಗೆ ಅಕ್ಷರ ತೇಲ್ತಿದ್ವು. ಈಗ ಹನ್ನೊಂದೂವರೆಗೆ ನಾಲ್ಕು ಇಡ್ಲಿ, ಜೇಬಲ್ಲಿ ಚಿಕ್ಕಿ. ಬರೆದಿದ್ದನ್ನ ನಾನೇ ಕೆಂಪು ಪೆನ್ನಲ್ಲಿ ತಿದ್ದೋದು, ತಿದ್ದೋವಾಗ ದಯೆ ದಾಕ್ಷಿಣ್ಯ ಇಲ್ಲ. ಮೊದಲ ಮಾಕಲ್ಲಿ 34 ಬಂತು. ಒಂಬತ್ತನೇದರಲ್ಲಿ 51. ಮಧ್ಯ ನಾನು ಹೊಸದಾಗಿ ಓದಿದ್ದು ಅಂಥದ್ದೇನೂ ಇಲ್ಲ, ಪ್ರಶ್ನೆ ಪಕ್ಕ ಪೆನ್ಸಿಲ್ಲಲ್ಲಿ ನಿಲ್ಲಿಸಬೇಕಾದ ಟೈಮ್ ಬರ್ಕೊಳೋದು ಕಲ್ತೆ: 3.08, 3.36, 4.04. ಆ ಟೈಮ್ ಬಂತು ಅಂದ್ರೆ ವಾಕ್ಯ ಅರ್ಧಕ್ಕಿದ್ರೂ ನಾಲ್ಕು ಸಾಲು ಜಾಗ ಬಿಟ್ಟು ಮುಂದಿನದಕ್ಕೆ. ಇದನ್ನ ಹೇಳೋದು ಸುಲಭ, ಮಾಡೋಕೆ ಕೈ ನಡುಗುತ್ತೆ, ಅದಕ್ಕೇ ಮನೇಲಿ ಅಷ್ಟು ಸಲ ನಡುಗಿಸ್ಕೊಂಡು ಹೋಗ್ಬೇಕು.

ಎಂಸಿಕ್ಯೂ 30 ಮಾರ್ಕ್ಸು, ತಪ್ಪಿಗೆ ಕಳೆಯಲ್ಲ, ಒಂದೂ ಬಿಡ್ಬೇಡಿ, ಮೊದಲೇ ಮುಗಿಸಿ ಓಎಂಆರ್ ತುಂಬ್ಸಿಬಿಡಿ. ಐಬಿಎಸ್ ಬಗ್ಗೆನೂ ಒಂದು ಮಾತು, ಓಪನ್ ಬುಕ್, ನಾಲ್ಕು ಗಂಟೆ. ಓಪನ್ ಬುಕ್ ಅಂತ ನಾನು ಮೊದಲ ಸಲ ಟ್ರಾವೆಲ್ ಬ್ಯಾಗಲ್ಲಿ ಪುಸ್ತಕ ತುಂಬ್ಕೊಂಡು ಹೋಗಿದ್ದೆ, ಸೆಕ್ಯುರಿಟಿಯವ್ರು ಊರಿಗೆ ಹೊರಟ್ರಾ ಅಂದ್ರು. ಹುಡುಕಿ ಸಿಕ್ಕಿದ್ದು ಎರಡು ಉತ್ತರ, ಹುಡುಕೋಕೆ ಹೋಗಿದ್ದು ಮುಕ್ಕಾಲು ಗಂಟೆ. ಕೊನೇ ಸಲ ಮೂರೇ ಪುಸ್ತಕ, ಅಂಚಿಗೆ ಅಂಟಿಸಿದ ಬಣ್ಣದ ಚೀಟಿ, ಮತ್ತೆ ನಾನೇ ಬರೆದ ಎರಡು ಪುಟದ ಸೂಚಿ.

ಗ್ರೂಪ್ ಒಂದಾ ಎರಡಾ ಅನ್ನೋದಕ್ಕೆ ನನ್ನ ಅಭಿಪ್ರಾಯ, ಓದೋಕೆ ಪೂರ್ತಿ ಐದಾರು ತಿಂಗಳು ಖಾಲಿ ಇದ್ರೆ ಎರಡೂ ಕಟ್ಟಿ, ಆ ತುಂಬ್ಕೊಳೋ ಅನುಕೂಲ ಬಿಡ್ಬಾರ್ದು. ಕೆಲಸದ ಜೊತೆ ಅಂದ್ರೆ ಒಂದೇ. ಒಂದು ಗ್ರೂಪಿಗೆ 1800, ಎರಡಕ್ಕೆ 3300 ಫೀಸು, 300 ಉಳಿಯುತ್ತೆ ಅಂತ ಎರಡು ಕಟ್ಟಿದ ಪುಣ್ಯಾತ್ಮನನ್ನೂ ನೋಡಿದೀನಿ.

2025ರ ಮೇ 8ಕ್ಕೆ ಡಿಟಿ. ಪೇಪರ್ ಕಷ್ಟವೇ ಇತ್ತು, ಆದ್ರೆ 4.52ಕ್ಕೆ ಕೊನೇ ಪ್ರಶ್ನೆ ಮುಗಿಸಿ ಬಿಟ್ಟ ಜಾಗಗಳಿಗೆ ವಾಪಸ್ ಹೋದೆ, ಮೂರು ಅಟೆಂಪ್ಟಲ್ಲಿ ಮೊದಲನೇ ಸಲ. ಹತ್ತನೇ ತಾರೀಕು ಐಡಿಟಿ, ಒಂಬತ್ತಕ್ಕೆ ಪ್ಲೇಸ್ ಆಫ್ ಸಪ್ಲೈ ಓದ್ತಾ ಇದೀನಿ, ರೂಂಮೇಟ್ ಬಂದು ಎಕ್ಸಾಮ್ ಪೋಸ್ಟ್‌ಪೋನ್ ಅಂದ. ನಂಬ್ಲಿಲ್ಲ, ಟೆಲಿಗ್ರಾಂ ಗ್ರೂಪಲ್ಲಿ ದಿನಾ ಒಂದು ಸುಳ್ಳು ನೋಟಿಫಿಕೇಶನ್ ಓಡಾಡುತ್ತೆ. ನಿಜಾನೇ ಆಗಿತ್ತು, ಗಡೀಲಿ ಪರಿಸ್ಥಿತಿ ಹಂಗಿತ್ತು, ಐಪಿಎಲ್ಲೇ ನಿಲ್ಲಿಸಿದ್ರು ಅವತ್ತು. ಐಡಿಟಿ 16ಕ್ಕೆ ಹೋಯ್ತು. ಆರು ದಿನ ಹೆಚ್ಚಿಗೆ ಸಿಕ್ತು ಅಂತ ಹೊರಗಿನವರಿಗೆ ಅನ್ಸುತ್ತೆ, ಆದ್ರೆ ನೆತ್ತಿ ತನಕ ತುಂಬ್ಕೊಂಡಿದ್ದನ್ನ ಆರು ದಿನ ಚೆಲ್ಲದೆ ಇಟ್ಕೊಳೋದು ಓದೋದಕ್ಕಿಂತ ಕಷ್ಟ. ಎರಡು ದಿನ ಏನೂ ಮುಟ್ಲಿಲ್ಲ, ಅವ್ವ ಕಳ್ಸಿದ್ದ ಮಂಡಕ್ಕಿ ಮೆಣಸಿನಕಾಯಿ ಹಚ್ಚಿ ತಿಂದು ನ್ಯೂಸ್ ನೋಡಿದೆ. ಮೂರನೇ ದಿನ ಹೊಸ ಮಾಕ್ ಒಂದು ಬರೆದೆ.

ಜುಲೈ 6, ಭಾನುವಾರ, ಆಷಾಢ ಏಕಾದಶಿ. ನಾನು ಊರಲ್ಲಿದ್ದೆ, ಅವ್ವ ಉಪವಾಸ. ಸೈಟು ಓಪನ್ ಆಗೋದು ಮುಚ್ಚೋದು, ರೋಲ್ ನಂಬರ್ ನಾಲ್ಕು ಸಲ ಹೊಡೆದೆ. ಡಿಟಿ 49, ಐಡಿಟಿ 57, ಐಬಿಎಸ್ 54. 160. ಅಪ್ಪಾಜಿ ನನ್ನ ಮುಖ ನೋಡ್ಲಿಲ್ಲ, ಮೊಬೈಲ್ ಇಸ್ಕೊಂಡು ಕನ್ನಡಕ ಏರಿಸಿ ಮೂರು ಅಂಕೆ ತಾವೇ ಕೂಡಿ ನೋಡಿದ್ರು, ಬೆರಳಲ್ಲಿ. ಆಮೇಲೆ ಅವ್ವನ್ನ ಕೂಗಿದ್ರು.

ಮೊನ್ನೆ ಆಫೀಸಿನ ಜೂನಿಯರ್ ಒಬ್ಳು ನನ್ನ ಡಿಟಿ ನೋಟ್ಸ್ ಕೇಳಿದ್ಲು, ಮೂರು ಅಟೆಂಪ್ಟಿನ ಬೆವರು, ಖುಷಿಯಿಂದ ಅಟ್ಟದಿಂದ ಇಳಿಸಿದೆ. ಇಳಿಸಿ ಧೂಳು ಒರೆಸೋವಾಗ ನೆನಪಾಯ್ತು, 2026ರ ಏಪ್ರಿಲ್ 1ರಿಂದ 1961ರ ಇನ್‌ಕಂ ಟ್ಯಾಕ್ಸ್ ಆಕ್ಟ್ ಹೋಗಿ 2025ರ ಹೊಸ ಆಕ್ಟ್, 536 ಸೆಕ್ಷನ್ನು, ನಾನು ರಾತ್ರಿ ನಿದ್ದೇಲೂ ಹೇಳ್ತಿದ್ದ ನಂಬರುಗಳೆಲ್ಲ ಬದಲು. ಅವಳಿಗೆ ಖಾಲಿ ಬದಿ ಇರೋ ವೇಸ್ಟ್ ಪೇಪರ್ ಕಟ್ಟು ಮಾತ್ರ ಕೊಟ್ಟೆ, ಟೈಮರ್ ಜೊತೆಗೆ. ನೋಟ್ಸ್ ರದ್ದಿ ಅಂಗಡಿಲಿ ತೂಕಕ್ಕೆ ಹಾಕಿದೆ, ಹದಿನೇಳು ಕೆಜಿ ಚಿಲ್ರೆ.